ನೀರಿನ ಪಾರ್ಕು, 18 ವೋಟಿನ ಊರು

ಪ್ರಶ್ನೆ: ಮಗ ಫ್ಲೋರಿಡಾದಲ್ಲಿದ್ದಾನೆ. ಈ ಸಲ ಹೋದಾಗ ಮಯಾಮಿ ಪಕ್ಕ ಬಿಸ್ಕೇನ್ ನ್ಯಾಷನಲ್ ಪಾರ್ಕ್ ತೋರಿಸ್ತೀನಿ ಅಂತ ಕರ್ಕೊಂಡೋದ. ಎಂಟ್ರಿ ಟಿಕೆಟ್ ಇಲ್ಲ, ಹುಲಿ ಇಲ್ಲ, ಆನೆ ಇಲ್ಲ, ಕಣ್ಣು ಹಾಯಿಸಿದಷ್ಟೂ ನೀರು. ಪ್ರಾಣಿ ಎಲ್ಲೋ ಅಂದ್ರೆ ನೀರೊಳಗಿದೆ ಅಪ್ಪಾ ಅಂದ. ಅಷ್ಟು ದೊಡ್ಡ ಸಿಟಿ ಪಕ್ಕದಲ್ಲೇ ಇಷ್ಟು ಜಾಗಕ್ಕೆ ಯಾರೂ ಕೈ ಹಾಕದೆ ಹೇಗೆ ಬಿಟ್ರು?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಮಗ ಹೇಳಿದ್ದು ಸರಿ, ಒಟ್ಟು 1,72,000 ಎಕರೆ ಚಿಲ್ಲರೆ ಪಾರ್ಕಲ್ಲಿ ನೂರಕ್ಕೆ 95 ಭಾಗ ನೀರೇ. ದಡದಲ್ಲಿ ಕಾಂಡ್ಲಾ ಕಾಡು, ಅಂದ್ರೆ ಮ್ಯಾಂಗ್ರೋವ್, ಆಮೇಲೆ ತಿಳಿನೀರಿನ ಕೊಲ್ಲಿ, ಅದರಾಚೆ ಸಾಲಾಗಿ ಸಣ್ಣ ಸಣ್ಣ ದ್ವೀಪ, ಅಲ್ಲಿಯವರು ಅದಕ್ಕೆ 'ಕೀ' ಅಂತಾರೆ, ಇನ್ನೂ ಆಚೆಗೆ ಹವಳದ ದಿಬ್ಬ. ಕೈ ಹಾಕದೆ ಬಿಟ್ರು ಅಂದ್ಕೋಬೇಡಿ, ಚೆನ್ನಾಗೇ ಹಾಕಿದ್ರು.

1960ರಲ್ಲಿ ಆ ದ್ವೀಪಗಳಲ್ಲಿ ಜಾಗ ಇದ್ದವರು ಕೆಲವರು ಸೇರಿ ಇಲ್ಲೊಂದು ನಗರ ಮಾಡೇ ಬಿಡೋಣ ಅಂತ ಹೊರಟ್ರು, ವೋಟರ್ ಲಿಸ್ಟಲ್ಲಿದ್ದಿದ್ದು ಬರೀ 18 ಜನ, ನಮ್ಮ ಕಡೆ ಮದುವೆ ಮನೇಲಿ ಬಡಿಸೋರೇ ಅಷ್ಟಿರ್ತಾರೆ, ಆದ್ರೂ ವೋಟಾಯ್ತು, ಐಲ್ಯಾಂಡಿಯಾ ಅನ್ನೋ ಸಿಟಿ ಹುಟ್ಟೇಬಿಡ್ತು. ಆ ಊರಿಗೆ ಹೋಗೋಕೆ ಸೇತುವೆ ಕೂಡ ಇಲ್ಲ, ಬೋಟೇ ಗತಿ. ಆದ್ರೆ ಸಿಟಿ ಅಂತ ಬೋರ್ಡ್ ಬಿದ್ಮೇಲೆ ಸೇತುವೆ ಕೇಳ್ಬಹುದು, ಸೇತುವೆ ಬಂದ್ರೆ ಸೈಟು, ಸೈಟಿನ ಹಿಂದೆ ರೆಸಾರ್ಟು. ಈ ಲೆಕ್ಕ ನಮಗೇನು ಹೊಸದಲ್ಲ ಬಿಡಿ.

ಅದು ಸಾಲದು ಅಂತ 1962ರಲ್ಲಿ ಡೇನಿಯಲ್ ಲಡ್ವಿಗ್ ಅನ್ನೋ ಹಡಗಿನ ಕುಬೇರ ಸೀಡೇಡ್ ಅಂತ ಒಂದು ಪ್ಲಾನ್ ತಂದ. ದಡದಲ್ಲಿ ಎಣ್ಣೆ ರಿಫೈನರಿ, ಬಂದರು. ಕೊಲ್ಲಿ ಬಹಳ ಕಡೆ ಹತ್ತಡಿ ಆಳವೂ ಇಲ್ಲ, ಅದರಲ್ಲಿ 40 ಅಡಿ ಆಳದ ಚಾನೆಲ್ ಅಗೆದು ಹಡಗನ್ನ ಒಳಗೆ ತರೋದು. ಅಗೆದಾಗ ಕೆಸರು ಕದಡುತ್ತೆ, ಕದಡಿದ ನೀರಲ್ಲಿ ಬಿಸಿಲು ತಳ ಮುಟ್ಟಲ್ಲ, ಬಿಸಿಲಿಲ್ದೆ ಕಡಲ ಹುಲ್ಲು ಸಾಯುತ್ತೆ, ಹುಲ್ಲು ಹೋದ್ರೆ ಸಿಗಡಿ ಮರಿ, ಮೀನಿನ ಮರಿ ಎಲ್ಲಿ ಬೆಳೀಬೇಕು ಹೇಳಿ. ಶರಾವತಿ ಅಳಿವೆ ಬಾಯಿ ಪಕ್ಕ ಇರೋ ನಿಮಗೆ ಇದನ್ನ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಕಾಸರಕೋಡ ಟೊಂಕದಲ್ಲಿ ಬಂದರು ಬೇಡ ಅಂತ ಮೀನುಗಾರರು ಯಾಕೆ ಬೀದಿಗಿಳಿದ್ರು ಅಂತ ನನಗಿಂತ ನಿಮಗೆ ಗೊತ್ತು.

ಪ್ರಶ್ನೆ: ಪರಿಸರ ಹೋರಾಟ ಗೆಲ್ಲೋದು ಜನರಿಂದ ಅಂತ ಭಾಷಣದಲ್ಲಿ ಕೇಳ್ತೀವಿ. ನಿಜ ಹೇಳಿ, ಕೊನೆಗೆ ಕೆಲಸ ಆಗೋದು ದುಡ್ಡಿದ್ದವರು, ರಾಜಕಾರಣಿಗಳು ಮನಸ್ಸು ಮಾಡಿದ್ರೆ ತಾನೆ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಮೇಲಿನ ಬಿಸ್ಕೇನ್ ಕತೇನೇ ಮುಂದುವರಿಸ್ತೀನಿ ತಮ್ಮಾ, ನೀನು ಕೇಳಿದ ಮೂರೂ ಜನ ಅದರಲ್ಲಿದ್ದಾರೆ. ಆದ್ರೆ ಯಾರು ಮೊದ್ಲು ಬಂದ್ರು, ಯಾರು ಆಮೇಲೆ ಅನ್ನೋದನ್ನ ಗಮನಿಸು.

ಮೊದ್ಲು ಎದ್ದು ನಿಂತವನು ಲಾಯ್ಡ್ ಮಿಲ್ಲರ್, ಪ್ಯಾನ್ ಆಮ್ ವಿಮಾನ ಕಂಪನೀಲಿ ಸಂಬಳಕ್ಕಿದ್ದ ಮನುಷ್ಯ, ಗಾಳ ಹಾಕಿ ಮೀನು ಹಿಡಿಯೋ ಹುಚ್ಚಿತ್ತು, ಅದೇ ಹುಚ್ಚಿನವರ ಸಂಘದಲ್ಲೂ ಇದ್ದ. 1962ರಲ್ಲಿ ಇವನೂ ಇನ್ನೊಂದಿಷ್ಟು ಜನಾನೂ ಸೇರಿ ಸೇಫ್ ಪ್ರೋಗ್ರೆಸ್ ಅಸೋಸಿಯೇಷನ್ ಅಂತ ಕಟ್ಟಿದ್ರು. ಹೆಸರಿಟ್ಟಿರೋ ಜಾಣತನ ನೋಡು, ಅಭಿವೃದ್ಧಿ ವಿರೋಧಿಗಳು ಅಂತ ಬೈಯೋಕೆ ಬಾಯಿ ತೆಗೆಯೋ ಮೊದ್ಲೇ 'ಪ್ರೋಗ್ರೆಸ್' ಅನ್ನೋ ಪದಾನೇ ಇವರು ಎತ್ಕೊಂಡುಬಿಟ್ರು. ಮಯಾಮಿ ಹೆರಾಲ್ಡ್ ಪತ್ರಿಕೆಯ ವರದಿಗಾರ್ತಿ ಹ್ವಾನಿಟಾ ಗ್ರೀನ್ ಇದರ ಬಗ್ಗೆ ಬರೆದ್ರು. ಎದುರಾಳಿಗಳು ಸುಮ್ನೆ ಬಿಡ್ತಾರಾ? ಮಿಲ್ಲರ್‌ನ ಕೆಲಸದಿಂದ ತೆಗೆಸೋಕೆ ಒತ್ತಡ ಹಾಕಿದ್ರು, ಅವನ ನಾಯಿಗೆ ವಿಷ ಇಟ್ಟು ಸಾಯಿಸಿದ್ರು. ನಾಯಿ ಏನ್ಮಾಡಿತ್ತು ಪಾಪ.

ದುಡ್ಡು ಬಂದಿದ್ದು ಆಮೇಲೆ. ಹರ್ಬರ್ಟ್ ಹೂವರ್ ಅಂತ, ಪ್ರೆಸಿಡೆಂಟ್ ಆಗಿದ್ದ ಹೂವರ್ ಅಲ್ಲ, ವ್ಯಾಕ್ಯೂಮ್ ಕ್ಲೀನರ್ ಕಂಪನಿ ಹೂವರ್. ಈತ ಚುನಾಯಿತ ಪ್ರತಿನಿಧಿಗಳನ್ನ ಬ್ಲಿಂಪಲ್ಲಿ, ಅಂದ್ರೆ ಗಾಳಿ ತುಂಬಿದ ದೊಡ್ಡ ಬಲೂನಿನಂಥ ವಿಮಾನದಲ್ಲಿ ಕೂರಿಸ್ಕೊಂಡು ಕೊಲ್ಲಿ ಮೇಲೆ ಮೆಲ್ಲಗೆ ಸುತ್ತಿಸಿದ. ನನಗೆ ಈ ಕತೇಲಿ ಬಹಳ ಇಷ್ಟ ಆಗೋ ಭಾಗ ಇದು. ದಡದಲ್ಲಿ ನಿಂತು ನೋಡಿದ್ರೆ ನೀರು ಅಷ್ಟೇ, ನಿಮ್ಮ ಹೊನ್ನಾವರದ ಯಜಮಾನ್ರಿಗೂ ಹಾಗೇ ಕಂಡಿದ್ದು, ಮೇಲಿಂದ ನೋಡಿದ್ರೆ ತಳದ ಹುಲ್ಲು, ಕಾಂಡ್ಲಾ ಅಂಚು, ದ್ವೀಪದ ಸಾಲು ಎಲ್ಲಾ ನಕ್ಷೆ ಬಿಡಿಸಿಟ್ಟ ಹಾಗೆ ಕಾಣುತ್ತೆ. ನೂರು ಪುಟದ ಮನವಿ ಪತ್ರ ಯಾವ ಮಂತ್ರಿ ಓದ್ತಾನೆ?

ಇನ್ನು ರಾಜಕಾರಣಿ. ಆ ಭಾಗದ ಸಂಸದ ಡಾಂಟೆ ಫಾಸೆಲ್ ವಾಷಿಂಗ್ಟನ್‌ನಲ್ಲಿ ಮಸೂದೆಯ ಹಿಂದೆ ಬಿದ್ದ, ಆಗಿನ ಇಂಟೀರಿಯರ್ ಸೆಕ್ರೆಟರಿ, ಅಂದ್ರೆ ಸರ್ಕಾರಿ ಜಮೀನು, ಪಾರ್ಕು ನೋಡ್ಕೊಳ್ಳೋ ಮಂತ್ರಿ, ಸ್ಟೀವರ್ಟ್ ಯೂಡಾಲ್ ಬೆಂಬಲ ಇತ್ತು, 1968ರ ಅಕ್ಟೋಬರ್ 18ಕ್ಕೆ ಪ್ರೆಸಿಡೆಂಟ್ ಲಿಂಡನ್ ಜಾನ್ಸನ್ ಸೈನ್ ಹಾಕಿ ಬಿಸ್ಕೇನ್ ನ್ಯಾಷನಲ್ ಮಾನ್ಯುಮೆಂಟ್, ಅಂದ್ರೆ ಸರ್ಕಾರ ಕಾಪಾಡೋ ಜಾಗ, ಆಯ್ತು. 1974ರಲ್ಲಿ ಗಡಿ ಹಿಗ್ಗಿಸಿದ್ರು, 1980ರಲ್ಲಿ ನ್ಯಾಷನಲ್ ಪಾರ್ಕ್. ಅಂದ್ರೆ ಸಹಿ ಹಾಕಿದವನು ಕೊನೆಗೆ ಬಂದ, ನಾಯಿ ಕಳ್ಕೊಂಡವನು ಮೊದ್ಲು ಬಂದಿದ್ದ. ಈಗ ಅಲ್ಲಿಯ ವಿಸಿಟರ್ ಸೆಂಟರಿಗೆ ಇರೋದು ಸಂಸದರ ಹೆಸರು, ಅದು ಎಲ್ಲಾ ಕಡೆ ಇದ್ದಿದ್ದೇ.

ಪ್ರಶ್ನೆ: ಪಾರ್ಕ್ ಅಂದ ಕೂಡ್ಲೆ ಅಲ್ಲಿದ್ದವರನ್ನ ಎತ್ತಂಗಡಿ ಮಾಡೋದು ನಮ್ಮಲ್ಲಿ ರೂಢಿ, ನಾಗರಹೊಳೆಯ ಜೇನುಕುರುಬರನ್ನ ನೋಡಿದೀವಲ್ಲ. ಬೇರೆ ದೇಶದಲ್ಲಿ ಬೇರೆ ಥರ ಆಗಿದ್ದುಂಟಾ?
– ಓದುಗರು, ಮಲ್ಪೆ

ಉತ್ತರ: ಅಮೆರಿಕದಲ್ಲೂ ಮೂಲನಿವಾಸಿಗಳನ್ನ ಹೊರಗೆ ಹಾಕಿ ಮಾಡಿದ ಪಾರ್ಕುಗಳಿವೆ, ಅವರೇನು ಸಾಚಾ ಅಲ್ಲ. ಆದ್ರೆ ಬಿಸ್ಕೇನ್‌ನಲ್ಲಿ ಒಬ್ಬ ಮನುಷ್ಯನ ಕತೆ ಇದೆ, ಲ್ಯಾನ್ಸ್‌ಲಾಟ್ ಜೋನ್ಸ್ ಅಂತ. ಅವನಪ್ಪ ಇಸ್ರೇಲ್ ಜೋನ್ಸ್ ಕಪ್ಪು ಜನಾಂಗದವನು, ನಾರ್ತ್ ಕ್ಯಾರೊಲಿನಾದಿಂದ ಬಂದು 1897ರಲ್ಲಿ ಪೋರ್ಗಿ ಕೀ ಅನ್ನೋ ದ್ವೀಪಾನೇ ಕೊಂಡ, ನಿಂಬೆ, ಅನಾನಸ್ ಬೆಳೆದ, ಮಕ್ಕಳಿಗೆ ರಾಜ ಆರ್ಥರನ ಕತೆಯಿಂದ ಹೆಸರು ಹೆಕ್ಕಿ ಕಿಂಗ್ ಆರ್ಥರ್, ಲ್ಯಾನ್ಸ್‌ಲಾಟ್ ಅಂತ ಇಟ್ಟ. ಕಪ್ಪು ಜನಕ್ಕೆ ಎಷ್ಟೋ ಬೀಚಿಗೆ ಕಾಲಿಡೋಕೂ ಬಿಡದ ಕಾಲ ಅದು, ಆ ಕಾಲದಲ್ಲಿ ಇವರು ದ್ವೀಪದ ಒಡೆಯರು.

ಲ್ಯಾನ್ಸ್‌ಲಾಟ್ ಮುಂದೆ ಫಿಶಿಂಗ್ ಗೈಡ್ ಆದ, ಯಾವ ಮೀನು ಯಾವ ಹೊತ್ತಿಗೆ ಎಲ್ಲಿ ಬರುತ್ತೆ ಅಂತ ತೋರಿಸೋಕೆ ಪ್ರೆಸಿಡೆಂಟುಗಳೇ ಇವನನ್ನ ಕರೀತಿದ್ರು. ಸುತ್ತ ಎಲ್ಲರೂ ಸಿಟಿ, ರೆಸಾರ್ಟು ಅಂತ ಕುಣೀತಿದ್ರೆ ಈತ ಡೆವಲಪರ್‌ಗಳಿಗೆ ಜಾಗ ಕೊಡಲ್ಲ ಅಂತ ಕೂತುಬಿಟ್ಟ, 1970ರಲ್ಲಿ ಅದನ್ನ ನ್ಯಾಷನಲ್ ಪಾರ್ಕ್ ಸರ್ವೀಸಿಗೆ ಮಾರಿದ, 12 ಲಕ್ಷ ಡಾಲರಿಗೆ ಮೇಲ್ಪಟ್ಟು ಬಂತು. ಒಂದು ಷರತ್ತು, ನಾನು ಬದುಕಿರೋವರೆಗೂ ಇಲ್ಲೇ ಇರ್ತೀನಿ ಅಂತ. ಒಪ್ಪಿದ್ರು. ಶಾಲೆ ಮಕ್ಕಳು ಬಂದ್ರೆ ಕಡಲ ಸ್ಪಂಜು ಅಂದ್ರೇನು ಅಂತ ಪಾಠ ಹೇಳ್ಕೊಂಡು ಇದ್ದ, 1992ರಲ್ಲಿ ಆ್ಯಂಡ್ರ್ಯೂ ಚಂಡಮಾರುತ ಬಂದಾಗ ದ್ವೀಪ ಬಿಡ್ಬೇಕಾಯ್ತು, ಆಗ ಅವನಿಗೆ 93 ವರ್ಷ, ಮತ್ತೆ ಅಲ್ಲಿ ವಾಸಕ್ಕೆ ಹೋಗ್ಲಿಲ್ಲ, 1997ರಲ್ಲಿ ತೀರ್ಕೊಂಡ.

ಒಂದು ಮಾತು ಮಾತ್ರ ನೆನಪಿರ್ಲಿ. ಜೋನ್ಸ್ ಕೈಯಲ್ಲಿ ಪಕ್ಕಾ ಹಕ್ಕುಪತ್ರ ಇತ್ತು, ಅದಕ್ಕೇ ಎದುರು ಕೂತು ಷರತ್ತು ಹಾಕೋಕಾಯ್ತು. ನಮ್ಮ ಹಾಡಿಯವರ ಕೈಯಲ್ಲಿ, ಕಡಲ ದಂಡೇಲಿ ಮೀನು ಒಣಗಿಸೋ ಹೆಂಗಸರ ಕೈಯಲ್ಲಿ ಎಂಥ ಕಾಗದ ಇದೆ?

ಪ್ರಶ್ನೆ: ಒಂದ್ಸಲ ಪಾರ್ಕ್ ಅಂತ ಘೋಷಣೆ ಆದ್ರೆ ಆಮೇಲೆ ನಿಶ್ಚಿಂತೆ ಅಲ್ವಾ?
– ಓದುಗರು, ತುಮಕೂರು

ಉತ್ತರ: ಎಲ್ಲಿ ನಿಶ್ಚಿಂತೆ. ಪಾರ್ಕಿನ ಪಕ್ಕದಲ್ಲೇ ಟರ್ಕಿ ಪಾಯಿಂಟ್ ಅಣು ವಿದ್ಯುತ್ ಸ್ಥಾವರ ಇದೆ, ಅದರ ಬಿಸಿನೀರು ತಣಿಸೋ ಕಾಲುವೆಗಳಿಂದ ವಿಪರೀತ ಉಪ್ಪುನೀರು ನೆಲದೊಳಗೆ ಇಳಿದು ಹರಡಿ ದೊಡ್ಡ ಜಗಳ ಆಗಿದೆ. 2015ರಲ್ಲಿ ಪಾರ್ಕಿನವರು ಸುಮಾರು 10,500 ಎಕರೆ ಹವಳದ ಪ್ರದೇಶದಲ್ಲಿ ಮೀನು ಹಿಡಿಯೋದೇ ಬೇಡ ಅಂತ ಪ್ಲಾನ್ ಮಾಡಿದ್ರು, ವಿರೋಧ ಬಂದು ನಿಂತೋಯ್ತು. ವಿರೋಧ ಮಾಡಿದವರು ಯಾರು ಅಂತೀರಿ, ಹವ್ಯಾಸಕ್ಕೆ ಗಾಳ ಹಾಕೋರು, ಬೋಟಿನವರು. ಐವತ್ತು ವರ್ಷದ ಹಿಂದೆ ಈ ಕೊಲ್ಲಿ ಉಳಿಸೋಕೆ ಓಡಾಡಿದವರಲ್ಲೂ ಗಾಳ ಹಾಕೋರೇ ಇದ್ರು.

ಪ್ರಶ್ನೆ: ನಾವು ಟ್ಯಾಂಪಾದಲ್ಲಿರೋ ಕನ್ನಡಿಗರು. ಮಕ್ಕಳ ಜೊತೆ ಬೋಟಲ್ಲಿ ಬಿಸ್ಕೇನ್ ಪಾರ್ಕಿನ ಎಲಿಯಟ್ ಕೀ ದ್ವೀಪಕ್ಕೆ ಹೋಗ್ತಿದೀವಿ. ಅಲ್ಲಿ ನಡೆಯೋ ದಾರಿಗೆ 'ಸ್ಪೈಟ್ ಹೈವೇ' ಅಂತಾರಂತೆ, ರೋಡೇ ಇಲ್ಲದ ದ್ವೀಪದಲ್ಲಿ ಹೈವೇ ಎಲ್ಲಿಂದ ಬಂತು?
– ಓದುಗರು, ಟ್ಯಾಂಪಾ

ಉತ್ತರ: ಹೊಟ್ಟೆಕಿಚ್ಚಿನ ಹೈವೇ ಅನ್ನಿ. ಮಸೂದೆ ಪಾಸಾಗುತ್ತೆ, ನಮ್ಮ ಐಲ್ಯಾಂಡಿಯಾ ಮುಗೀತು ಅಂತ ಗೊತ್ತಾದಾಗ ಆ ಜಮೀನುದಾರರು ಬುಲ್ಡೋಜರ್ ತರಿಸಿದ್ರು. ನಮಗಿಲ್ಲದ್ದು ನಿಮಗೂ ಬೇಡ, ಕಾಡೇ ಇಲ್ಲ ಅಂದ್ಮೇಲೆ ಪಾರ್ಕ್ ಎಂಥದ್ದು ಅನ್ನೋ ಲೆಕ್ಕ. ದ್ವೀಪದ ನಡುವೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಆರು ಲೇನ್ ಅಗಲಕ್ಕೆ, ಏಳು ಮೈಲಿ ಉದ್ದಕ್ಕೆ ಮರ ಉರುಳಿಸ್ಕೊಂಡು ಹೋದ್ರು. ಆದ್ರೂ ಮಸೂದೆ ಪಾಸಾಯ್ತು. ಆಮೇಲೆ ಯಾರೂ ಆ ಕಡೆ ಬುಲ್ಡೋಜರ್ ತರಲಿಲ್ಲ, ಎರಡೂ ಬದಿಯಿಂದ ಕಾಡು ನಿಧಾನಕ್ಕೆ ವಾಪಸ್ ಬಂತು, ಈಗ ಇಡೀ ಪಾರ್ಕಲ್ಲಿ ಉದ್ದಕ್ಕೆ ನಡೆಯೋಕೆ ಅಂತ ಇರೋದು ಅದೊಂದೇ ದಾರಿ. ಅದೃಷ್ಟ ಇದ್ರೆ ಶಾಸ್ ಸ್ವಾಲೋಟೇಲ್ ಅನ್ನೋ ಕಂದು ಹಳದಿ ಚಿಟ್ಟೆ ಸಿಗಬಹುದು, ಅಳಿವಿನಂಚಿಗೆ ಬಂದಿರೋ ಜಾತಿ, ಆ ಕಾಡಲ್ಲಿ ಇನ್ನೂ ಉಳ್ಕೊಂಡಿದೆ.

ನೀರು ಹೆಚ್ಚಿಗೇ ತಗೊಂಡೋಗಿ, ಸೊಳ್ಳೆ ಔಷಧಿ ಅದರ ಡಬಲ್ ತಗೊಂಡೋಗಿ, ಅಲ್ಲಿಯ ಸೊಳ್ಳೆ ಮುಂದೆ ನಮ್ಮ ಮಲೆನಾಡಿನ ಸೊಳ್ಳೆ ಏನೂ ಅಲ್ಲ ಅಂತಾರೆ ಹೋಗಿ ಬಂದವರು. ಐಲ್ಯಾಂಡಿಯಾ ಊರು ಎಲ್ಲಿ ಅಂತ ಮಕ್ಕಳು ಕೇಳಿದ್ರೆ ಹೇಳಿ, ಮಯಾಮಿ-ಡೇಡ್ ಕೌಂಟಿಯವರು 2012ರಲ್ಲಿ ಆ ಊರನ್ನೇ ರದ್ದು ಮಾಡಿದ್ರು.