ಡೆಕಡೆನ್ಸಿಗೂ ಡೆಕೇಡಿಗೂ ಸಂಬಂಧ ಇಲ್ಲ ಮಾರಾಯ್ರೆ

ನೀವು ಕೇಳಿದ್ದು ಡೆಕಡೆನ್ಸ್ ಅಂದ್ರೆ ಎಂತ, ಹತ್ತು ವರ್ಷದ ಡೆಕೇಡಿಂದ ಬಂದದ್ದಾ ಅಂತ ಅಲ್ವಾ. ಅಲ್ಲ. ಡೆಕೇಡ್ ಗ್ರೀಕಿನ ಡೆಕಾ, ಅಂದ್ರೆ ಹತ್ತು, ಅದ್ರಿಂದ ಬಂದದ್ದು. ಡೆಕಡೆನ್ಸ್ ಬೇರೆ, ಲ್ಯಾಟಿನಲ್ಲಿ ದೆ ಅಂದ್ರೆ ಕೆಳಗೆ, ಕಾದೆರೆ ಅಂದ್ರೆ ಬೀಳುದು, ಎರಡೂ ಸೇರಿ ಫ್ರೆಂಚಿನ ಮೂಲಕ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ನಮ್ಮ ಅಧಃಪತನ ಉಂಟಲ್ಲ, ಅದೇ ಅಚ್ಚು, ಅಧಃ ಕೆಳಗೆ, ಪತನ ಬೀಳುದು. ಹಲ್ಲು ಹುಳುಕಾದ್ರೆ ಹೇಳ್ತೇವಲ್ಲ ಡಿಕೇ, ಅದೂ ಇದೇ ಬೇರಿಂದು.

ನಂಗೆ ಮಜಾ ಅನ್ಸುದು ಇನ್ನೊಂದು. ಪಶ್ಚಿಮ ದೇಶಗಳಿಗೆ ಆಕ್ಸಿಡೆಂಟ್ ಅಂತ ಒಂದು ಪದ ಉಂಟು, ಗಾಡಿಯದ್ದಲ್ಲ, ಇದು ಇಂಗ್ಲಿಷಿನ 'ಓ' ಅಕ್ಷರದಿಂದ ಶುರುವಾಗುದು, ಸೂರ್ಯ ಬೀಳುವ ದಿಕ್ಕು ಅಂತ ಅರ್ಥ, ಅದ್ರಲ್ಲೂ ಇದೇ ಕಾದೆರೆ (ಗಾಡಿಯದ್ರಲ್ಲೂ ಅದೇ, ಮೇಲೆ ಬಂದು ಬಿದ್ದದ್ದು). ನಮ್ಮಲ್ಲಿ ಪಡು ಅಂದ್ರೂ ಅಷ್ಟೇ ಅಲ್ವಾ, ಸೂರ್ಯ ಮುಳುಗುದು, ಹಾಗಾಗಿ ಪಡುಬಿದ್ರಿ ಸಮುದ್ರದ ಬದಿಗೆ, ಮೂಡುಬಿದಿರೆ ಮೂಡುವ ಬದಿಗೆ. ಲ್ಯಾಟಿನಿನವ್ರೂ ನಮ್ಮವ್ರೂ ಒಂದೇ ಸೂರ್ಯನ್ನ ನೋಡಿ ಒಂದೇ ತರ ಯೋಚನೆ ಮಾಡಿದ್ದು ನೋಡಿ.

ಡೆಕಡೆನ್ಸಿನ ಅರ್ಥ ಮಾತ್ರ ಸುಮ್ನೆ ಬೀಳುದಲ್ಲ, ದುಡ್ಡು ಸುಖ ಎಲ್ಲ ಹೆಚ್ಚಾಗಿ ಒಳಗಿಂದ ಕೊಳೆಯುದು, ರೋಮ್ ಸಾಮ್ರಾಜ್ಯದ ಬಗ್ಗೆ ಹೇಳುವಾಗ ಬರ್ತದಲ್ಲ ಹಾಗೆ. ಮತ್ತೆ ಐಸ್‌ಕ್ರೀಮ್ ಪಾರ್ಲರಿನ ಮೆನುವಲ್ಲಿ ಡೆಕಡೆಂಟ್ ಚಾಕ್ಲೇಟ್ ಅಂತ ಕಂಡ್ರೆ ಹೆದರ್ಬೇಡಿ, ಹಾಳಾದದ್ದಲ್ಲ, ಇಷ್ಟು ಸಿಹಿ ತಿನ್ಲಿಕ್ಕೆ ಸ್ವಲ್ಪ ನಾಚ್ಕೆ ಆಗ್ಬೇಕು ಅನ್ನುವಷ್ಟು ರಿಚ್ ಅಂತ ಅಷ್ಟೇ.