ಪರಮಾಣು ಖಾಲಿಯಾದರೆ ಮೇಜು ಗಟ್ಟಿ ಯಾಕೆ?

ಪರಮಾಣು ಬಹುಪಾಲು ಖಾಲಿ ಅಂದಮೇಲೆ ಕೈ ಮೇಜಿನೊಳಗೆ ಯಾಕೆ ಇಳಿದುಹೋಗಲ್ಲ, ಎಲೆಕ್ಟ್ರಾನುಗಳ ವಿಕರ್ಷಣೆಯೇ (ಒಂದನ್ನೊಂದು ದೂಡುವುದೇ) ಕಾರಣವೇ ಅಂತ ಕೇಳಿದ್ದೀರಿ. ವಿಕರ್ಷಣೆ ಅರ್ಧ ಉತ್ತರ ಅಷ್ಟೇ.

ಮೊದಲು ಆ 'ಖಾಲಿ' ಅನ್ನುವ ಮಾತನ್ನೇ ಬಿಡಬೇಕು. ದ್ರವ್ಯರಾಶಿ ಹೆಚ್ಚುಕಡಿಮೆ ಎಲ್ಲ ನಡುವಿನ ಪುಟ್ಟ ನ್ಯೂಕ್ಲಿಯಸ್‌ನಲ್ಲಿದೆ ಎಂದು 1911ರಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ತೋರಿಸಿದರು, ನಿಜ. ಪರಮಾಣು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಅಗಲ. ಆದರೆ ಎಲೆಕ್ಟ್ರಾನ್ ಗೋಲಿಯ ಹಾಗೆ ಸುತ್ತುವುದಿಲ್ಲ, ಮೋಡದ ಹಾಗೆ ಆ ಜಾಗವನ್ನೆಲ್ಲ ತುಂಬಿರುತ್ತದೆ. ಆ ಮೋಡವನ್ನು ಅರ್ಧ ಅಗಲಕ್ಕೆ ಹಿಂಡಿದರೆ ನ್ಯೂಕ್ಲಿಯಸ್‌ನ ಸೆಳೆತದ ಶಕ್ತಿ ಎರಡು ಪಟ್ಟಾಗುತ್ತದೆ, ಎಲೆಕ್ಟ್ರಾನಿನ ಚಲನಶಕ್ತಿಯೋ ನಾಲ್ಕು ಪಟ್ಟು! ಸೆಳೆತದಿಂದ ಸಿಗುವ ಶಕ್ತಿ ಅದಕ್ಕೆ ಸಾಲದು, ಪರಮಾಣು ಕುಸಿಯದಿರುವುದು ಇದರಿಂದಲೇ.

ಇನ್ನು ಭೌತವಿಜ್ಞಾನಿ ಪೌಲಿ 1925ರಲ್ಲಿ ಹೇಳಿದ ನಿಯಮ: ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರುವಂತಿಲ್ಲ. ಬೆರಳಿನ ಮೋಡ ಮೇಜಿನ ಮೋಡದೊಳಗೆ ನುಗ್ಗಲು ಹೋದಾಗ ಕೆಳಗಿನ ಸ್ಥಿತಿಗಳೆಲ್ಲ ಆಗಲೇ ಭರ್ತಿ. ಎಲೆಕ್ಟ್ರಾನುಗಳು ಹೆಚ್ಚು ಶಕ್ತಿಯ ಸ್ಥಿತಿಗೆ ಏರಲೇಬೇಕು, ಆ ಶಕ್ತಿಯನ್ನು ನಿಮ್ಮ ಕೈ ಕೊಡಬೇಕು. ನಿಮಗೆ ಗಟ್ಟಿ ಅನ್ನಿಸುವುದು ಆ ಪ್ರತಿರೋಧ. ಈ ನಿಯಮವಿದ್ದರೆ ವಸ್ತು ಕುಸಿಯದೆ ನಿಲ್ಲುತ್ತದೆ ಎಂದು ಭೌತವಿಜ್ಞಾನಿಗಳಾದ ಡೈಸನ್ ಮತ್ತು ಲೆನಾರ್ಡ್ 1967ರಲ್ಲಿ ಗಣಿತದಿಂದಲೇ ಸಾಧಿಸಿದರು.

ವಿಕರ್ಷಣೆಯೊಂದನ್ನೇ ನಂಬಿದರೆ ಎಡವುವುದು ಎಲ್ಲಿ ಗೊತ್ತೇ? ತುಸು ದೂರದಲ್ಲಿರುವ ಎರಡು ತಟಸ್ಥ ಪರಮಾಣುಗಳು ದೂಡುವುದಿಲ್ಲ, ಮೆಲ್ಲಗೆ ಸೆಳೆಯುತ್ತವೆ.