ಬ್ರಸೆಲ್ಸ್ ಬಿಟ್ಟು ಬಂದ್ರೂ ರೂಲ್ಸು ಯಾಕೆ ಬಿಡ್ಲಿಲ್ಲ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಬ್ರಿಟನ್ನು ಯುರೋಪಿಯನ್ ಯೂನಿಯನ್ (ಇಯು, ಇದರ ಮುಖ್ಯ ಕಚೇರಿ ಬ್ರಸೆಲ್ಸಲ್ಲಿದೆ) ಬಿಟ್ಟು ಹೊರಗೆ ಬಂದಿದ್ದರ ಬಗ್ಗೆ, ಅಂದ್ರೆ ಬ್ರೆಕ್ಸಿಟ್ ಬಗ್ಗೆ, ಅದರಲ್ಲೂ ಆ ಯೂನಿಯನ್ ರೂಲ್ಸುಗಳ ಬಗ್ಗೆ ಬಂದ ಪ್ರಶ್ನೆಗಳು ಈ ಸಲ. ಉತ್ತರ ಕೊಟ್ಟವರು ಆಹಾರ ಪದಾರ್ಥಗಳ ಆಮದು-ರಫ್ತು ನಿಯಮಗಳ ಸಲಹೆಗಾರ್ತಿ.

ಮೇಡಂ, ಬಾಳೆಹಣ್ಣು ಸೊಟ್ಟಗೆ ಇರಬಾರದು ಅಂತ ಯುರೋಪಿನವರು ಕಾನೂನು ಮಾಡಿದ್ರಂತೆ, ಇಂಥದ್ದಕ್ಕೆಲ್ಲ ರೋಸಿಹೋಗಿ ಬ್ರಿಟನ್ ಹೊರಗೆ ಬಂತು ಅಂತ ನಮ್ಮ ಕೋಚಿಂಗ್ ಸೆಂಟರ್ ಸರ್ ಹೇಳಿದ್ರು. ನಿಜಾನಾ? – ಕೆಎಎಸ್‌ಗೆ ಓದ್ತಿರೋ ಹುಡುಗ, ದಾವಣಗೆರೆ

ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. 1994ರಲ್ಲಿ 2257 ಅನ್ನೋ ನಂಬರಿನ ಒಂದು ನಿಯಮ ಬಂತು, ಅದರಲ್ಲಿ ಕಾಯಿ ಕನಿಷ್ಠ 14 ಸೆಂಟಿಮೀಟರ್ ಉದ್ದ ಇರಬೇಕು, ಅಸಹಜವಾಗಿ ಬಾಗಿರಬಾರದು ಅಂತ ನಿಜವಾಗ್ಲೂ ಬರೆದಿತ್ತು. ಆದ್ರೆ ಅದು ಬಾಳೆಹಣ್ಣನ್ನ ಬ್ಯಾನ್ ಮಾಡೋ ಕಾನೂನಲ್ಲ, ಗ್ರೇಡಿಂಗ್ ಕಾನೂನು. ಎಕ್ಸ್‌ಟ್ರಾ, ಒಂದನೇ ಕ್ಲಾಸು, ಎರಡನೇ ಕ್ಲಾಸು ಅಂತ ಮೂರು ದರ್ಜೆ, ಎರಡನೇ ಕ್ಲಾಸಿನಲ್ಲಿ ಆಕಾರ ಕೆಟ್ಟಿದ್ರೂ ಮಾರಬಹುದಿತ್ತು. ನಮ್ಮಲ್ಲೂ ಮಂಡಿಯಲ್ಲಿ ಗ್ರೇಡ್ ಮಾಡ್ದೆ ಯಾರು ತಗೋತಾರೆ ಹೇಳಿ.

ಸೌತೆಕಾಯಿದು ಇನ್ನೂ ಮಜಾ. 1988ರ ನಿಯಮದ ಪ್ರಕಾರ ಒಳ್ಳೆ ದರ್ಜೆ ಸೌತೆಕಾಯಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರಿಗಿಂತ ಜಾಸ್ತಿ ಬಾಗಿರಬಾರದು. ಕೇಳಿದ್ರೆ ನಗು ಬರುತ್ತೆ, ಬರ್ಲಿ, ಆದ್ರೆ ನೆಟ್ಟಗಿರೋ ಕಾಯಿ ಒಂದು ಬಾಕ್ಸಿಗೆ ಇಷ್ಟೇ ಅಂತ ಎಣಿಸಿ ತುಂಬಬಹುದು, ದೂರದಲ್ಲಿ ಕೂತಿರೋ ವ್ಯಾಪಾರಿ ಬಾಕ್ಸ್ ಬಿಚ್ಚಿ ನೋಡ್ದೆನೇ ಫೋನಲ್ಲಿ ರೇಟ್ ಮುಗಿಸಬಹುದು, ಅದಕ್ಕೇ ವ್ಯಾಪಾರದವರಿಗೇ ಅದು ಬೇಕಾಗಿತ್ತು. ಮುಂದೆ ಇಯು ಕಮಿಷನ್ನೇ ಇದನ್ನ ತೆಗೀತೀವಿ ಅಂದಾಗ ಬೇಡ ಅಂದಿದ್ದು ಹಲವು ಸದಸ್ಯ ದೇಶಗಳು! ಕೊನೆಗೆ 2009ರಲ್ಲಿ ತೆಗೆದ್ರು. ಅಂದ್ರೆ ಬ್ರೆಕ್ಸಿಟ್ ವೋಟಿಗೆ ಏಳು ವರ್ಷ ಮುಂಚೆನೇ ಸತ್ತುಹೋದ ರೂಲನ್ನ ಇಟ್ಕೊಂಡು 2016ರಲ್ಲಿ ಜಗಳ ಆಡ್ತಿದ್ರು.

ಈ ಥರ ಕಥೆಗಳು ಹಬ್ಬಿದ್ದು ಹೇಗೆ ಅಂದ್ರೆ, ಬೋರಿಸ್ ಜಾನ್ಸನ್ 1989ರಿಂದ 94ರವರೆಗೆ ಬ್ರಸೆಲ್ಸಿನಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಯ ವರದಿಗಾರ ಆಗಿದ್ದವರು, ಇಂಥ ಸುದ್ದಿಗಳನ್ನ ರುಚಿರುಚಿಯಾಗಿ ಬರೆದೇ ಹೆಸರು ಮಾಡಿದ್ರು. ಅದೇ ಮನುಷ್ಯ 2019ರಲ್ಲಿ ಪ್ರಧಾನಿ ಆಗೋಕೆ ಪಾರ್ಟಿಯೊಳಗೆ ಸ್ಪರ್ಧೆ ಮಾಡ್ತಿದ್ದಾಗ ವೇದಿಕೆ ಮೇಲೆ ಪ್ಲಾಸ್ಟಿಕ್ಕಲ್ಲಿ ಸುತ್ತಿದ ಒಂದು ಹೊಗೆ ಹಾಕಿದ ಮೀನು ಎತ್ತಿ ಹಿಡಿದು, ನೋಡಿ ಪೋಸ್ಟಲ್ಲಿ ಮೀನು ಕಳಿಸೋಕೆ ಐಸ್ ಪ್ಯಾಕ್ ಹಾಕಬೇಕಂತೆ, ಎಲ್ಲಾ ಬ್ರಸೆಲ್ಸ್ ಅಧಿಕಾರಿಗಳ ಕಾಟ ಅಂದ್ರು. ಮಾರನೇ ದಿನ ಇಯು ಕಡೆಯಿಂದ ಉತ್ತರ ಬಂತು, ಸ್ವಾಮಿ ಅದು ನಮ್ಮ ರೂಲಲ್ಲ, ನಿಮ್ಮ ದೇಶದ್ದೇ ಅಂತ. ಮೀನು ಬಂದಿದ್ದು ಐಲ್ ಆಫ್ ಮ್ಯಾನ್ ಅನ್ನೋ ದ್ವೀಪದಿಂದ, ಅದು ಇಯು ಒಳಗೆ ಯಾವತ್ತೂ ಇರಲೇ ಇಲ್ಲ.

ನಿಮ್ಮ ಸರ್‌ಗೆ ಇದನ್ನ ಹೇಳಿ, ಆದ್ರೆ ಪರೀಕ್ಷೇಲಿ ಬಾಳೆಹಣ್ಣಿನ ಬಗ್ಗೆ ಎರಡೇ ಸಾಲು ಬರೀರಿ. ಯಾಕಂದ್ರೆ 51.9 ಪರ್ಸೆಂಟ್ ಜನ ಬಿಟ್ಟು ಹೋಗೋಣ ಅಂತ ಒತ್ತಿದ್ದು ಬಾಳೆಹಣ್ಣಿಗೋಸ್ಕರ ಅಲ್ಲ. ವಲಸೆ, ಆಸ್ಪತ್ರೆ ಕ್ಯೂ, ಬಾಗಿಲು ಹಾಕಿದ ಫ್ಯಾಕ್ಟರಿ ಊರುಗಳ ಸಿಟ್ಟು, ನಮ್ಮ ಕಾನೂನು ನಾವೇ ಮಾಡ್ಬೇಕು ಅನ್ನೋ ಹಟ, ಎಲ್ಲಾ ಸೇರಿತ್ತು.

ನಾನು ಮಿಲ್ಟನ್ ಕೀನ್ಸಲ್ಲಿ ಐಟಿ ಕೆಲಸದಲ್ಲಿದೀನಿ. ಆಫೀಸಲ್ಲಿ ಒಬ್ಬ ಬ್ರೆಕ್ಸಿಟ್‌ನಿಂದ ಒಂದೇ ಒಂದು ರೂಲೂ ಹೋಗಿಲ್ಲ ಅಂತಾನೆ, ಇನ್ನೊಬ್ಬ ನಾವು ಈಗ ಫ್ರೀ ಅಂತಾನೆ. ಮಧ್ಯ ನಾನು ಸಿಕ್ಕಾಕೊಂಡಿದೀನಿ, ಯಾರು ಸರಿ? – ಓದುಗ, ಇಂಗ್ಲೆಂಡ್

ಇಬ್ಬರದ್ದೂ ಸ್ವಲ್ಪ ಸ್ವಲ್ಪ. ಮೊದಲು ನಡೆದಿದ್ದು ಹೇಳ್ತೀನಿ. ಬ್ರಿಟನ್ ಅಧಿಕೃತವಾಗಿ ಹೊರಗೆ ಬಂದಿದ್ದು 2020ರ ಜನವರಿ 31ಕ್ಕೆ, ಆ ವರ್ಷದ ಕೊನೆವರೆಗೂ ಹಳೇ ವ್ಯವಸ್ಥೆನೇ ನಡೀತು. ಆದ್ರೆ 2018ರಲ್ಲೇ ಒಂದು ಕಾಯ್ದೆ ಮಾಡಿ, ಹೊರಗೆ ಹೋಗೋ ದಿನ ಇಯು ಕಾನೂನುಗಳನ್ನೆಲ್ಲ ಹಾಗ್ಹಾಗೇ ಬ್ರಿಟಿಷ್ ಕಾನೂನಿನ ಒಳಗೆ ಕಾಪಿ ಮಾಡ್ಕೊಳ್ಳೋ ಏರ್ಪಾಡು ಮಾಡಿದ್ರು. ಬಾಳೆಹಣ್ಣಿಂದೂ ಸೇರಿ! ತಪ್ಪೇನಿಲ್ಲ, ಇಲ್ಲಾಂದ್ರೆ ಮಾರನೇ ಬೆಳಿಗ್ಗೆ ಔಷಧಿಗೆ, ವಿಮಾನಕ್ಕೆ, ಕುಡಿಯೋ ನೀರಿಗೆ ಕಾನೂನೇ ಇರ್ತಿರಲಿಲ್ಲ.

ಆಮೇಲೆ ಇವುಗಳನ್ನ ಸುಡೋ ಉತ್ಸಾಹ ಬಂತು. ಜೇಕಬ್ ರೀಸ್-ಮಾಗ್ ಅಂತ ಮಂತ್ರಿ, ಅವರ ಖಾತೆ ಹೆಸರೇ ಬ್ರೆಕ್ಸಿಟ್ ಅವಕಾಶಗಳು ಅಂತ, ಅವರು 2022ರಲ್ಲಿ ಒಂದು ಟ್ಯಾಬ್ಲಾಯ್ಡ್ ಪೇಪರಿನ ಓದುಗರಿಗೆ, ನಿಮಗೆ ಬೇಡವಾದ ಇಯು ರೂಲ್ ಯಾವುದು ನನಗೆ ಬರೀರಿ ಅಂತ ಕರೆ ಕೊಟ್ರು. (ದಶಕಗಳ ಕಾಲ ಬೈದ ಮೇಲೆ ಯಾವುದನ್ನ ತೆಗೀಬೇಕು ಅಂತ ಜನರನ್ನ ಕೇಳೋದು! ಪಟ್ಟಿ ಮೊದಲೇ ಇರ್ಬೇಕಿತ್ತಲ್ವಾ.) 2023ರ ಕೊನೆಗೆ ಉಳಿದ ಎಲ್ಲಾ ಇಯು ಕಾನೂನೂ ತಾನಾಗೇ ಸಾಯ್ಬೇಕು ಅಂತ ಮಸೂದೆ ತಂದ್ರು, ಆದ್ರೆ ಎಷ್ಟಿವೆ ಅಂತ ಎಣಿಸೋಕೆ ಹೋದ್ರೆ ಹುಡುಕಿದಷ್ಟೂ ಸಿಗ್ತಾನೇ ಹೋಯ್ತು, ಮೊದಲು 2,400 ಅಂದಿದ್ದು ಆಮೇಲೆ 4,800 ದಾಟ್ತು, ಯಾವುದು ತೆಗೆದ್ರೆ ಯಾವುದು ಬೀಳುತ್ತೆ ಅಂತ ಅಧಿಕಾರಿಗಳಿಗೇ ಗೊತ್ತಿಲ್ಲ. ಕೊನೆಗೆ ಮಂತ್ರಿ ಕೆಮಿ ಬೇಡನಾಕ್ ಅದನ್ನ ಕೈಬಿಟ್ಟು ಸುಮಾರು 600 ನಿಯಮ ಮಾತ್ರ ರದ್ದು ಮಾಡಿದ್ರು, ಅದರಲ್ಲಿ ಬಹಳಷ್ಟು ಅವಧಿ ಮುಗಿದು ಯಾರಿಗೂ ಉಪಯೋಗ ಇಲ್ಲದೆ ಬಿದ್ದಿದ್ದವು.

ಸಿಇ ಮಾರ್ಕ್ ಕಥೆನೂ ಕೇಳಿ. ಚಾರ್ಜರ್, ಆಟಿಕೆ ಮೇಲೆ ಸಿಇ ಅಂತ ಇರುತ್ತಲ್ಲ, ಇಯು ಸುರಕ್ಷತಾ ನಿಯಮ ಪಾಲಿಸಿದೆ ಅನ್ನೋ ಗುರುತು, ಅದರ ಬದಲು ಯುಕೆಸಿಎ ಅಂತ ಬ್ರಿಟನ್ ತನ್ನದೇ ಗುರುತು ತಂತು. ಒಂದೇ ಆಟಿಕೆಗೆ ಎರಡೆರಡು ಸಲ ಟೆಸ್ಟ್, ಎರಡೆರಡು ಫೀಸು ಅಂದ್ರೆ ಕಂಪನಿಗಳು ಸುಮ್ನಿರ್ತಾವಾ, ಗಡುವು ಮುಂದೂಡಿ ಮುಂದೂಡಿ 2023ರ ಆಗಸ್ಟಲ್ಲಿ, ಸರಿ ಬಿಡಿ ಸಿಇ ಇದ್ರೂ ನಡೆಯುತ್ತೆ ಅಂತ ಬಹುಪಾಲು ವಸ್ತುಗಳಿಗೆ ಒಪ್ಪಿಕೊಂಡ್ರು. ಕಾರಣ ದೊಡ್ಡದೇನಲ್ಲ, ಮಾಲು ಮಾರಬೇಕಾಗಿರೋದು ಪಕ್ಕದ ಮಾರ್ಕೆಟ್ಟಲ್ಲಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಮಿಟಿಗೆ ರಾಜೀನಾಮೆ ಬಿಸಾಕಿ ಬಂದ್ರೂ ಅದೇ ಲಿಫ್ಟಲ್ಲೇ ಹತ್ತಿ ಇಳೀಬೇಕಲ್ಲ, ಟೈಮಿಂಗ್ ಮಾತ್ರ ಈಗ ಬೇರೆಯವರು ಕೂತು ಡಿಸೈಡ್ ಮಾಡ್ತಾರೆ.

ಆದ್ರೆ ನಿಮ್ಮ ಎರಡನೇ ಸಹೋದ್ಯೋಗಿನ ಪೂರ್ತಿ ತಳ್ಳಿಹಾಕಬೇಡಿ, ಬದಲಾಗಿರೋದೂ ಇದೆ. ಸ್ಯಾನಿಟರಿ ಪ್ಯಾಡ್ ಮೇಲಿದ್ದ 5 ಪರ್ಸೆಂಟ್ ವ್ಯಾಟ್ 2021ರ ಜನವರಿ 1ಕ್ಕೆ ಹೋಯ್ತು, ಇಯು ಒಳಗಿದ್ದಾಗ ಅದನ್ನ ಸೊನ್ನೆ ಮಾಡೋ ಹಾಗಿರಲಿಲ್ಲ. ಜೀನ್ ಎಡಿಟಿಂಗ್ ಮಾಡಿದ ಬೆಳೆಗಳಿಗೆ 2023ರಲ್ಲಿ ಇಂಗ್ಲೆಂಡ್ ಬೇರೆ ಕಾನೂನು ಮಾಡ್ತು. ಕಡಿಯೋಕೆ, ಕೊಬ್ಬಿಸೋಕೆ ಅಂತ ಜೀವಂತ ದನ ಕುರಿ ಹೊರದೇಶಕ್ಕೆ ಸಾಗಿಸೋದನ್ನ 2024ರಲ್ಲಿ ನಿಲ್ಲಿಸಿದ್ರು. ಭಾರತದ ಜೊತೆ 2025ರ ಜುಲೈನಲ್ಲಿ ಸಹಿ ಆದ ವ್ಯಾಪಾರ ಒಪ್ಪಂದನೂ ಹೊರಗಿದ್ದಿದ್ದಕ್ಕೇ ಸ್ವಂತವಾಗಿ ಮಾಡ್ಕೊಳ್ಳೋಕೆ ಆಗಿದ್ದು. ಕೋವಿಡ್ ಲಸಿಕೆನೂ ಬ್ರೆಕ್ಸಿಟ್ ಲಾಭ ಅಂತ ಆತ ಹೇಳಿದ್ರೆ ಮಾತ್ರ ತಡೀರಿ, 2020ರ ಡಿಸೆಂಬರಲ್ಲಿ ಫೈಜರ್‌ಗೆ ತುರ್ತು ಅನುಮತಿ ಕೊಟ್ಟಾಗ ಬ್ರಿಟನ್ನಿಗೆ ಇನ್ನೂ ಇಯು ಕಾನೂನೇ ಅನ್ವಯ ಆಗ್ತಿತ್ತು, ಆ ಕಾನೂನಲ್ಲೇ ಅದಕ್ಕೆ ದಾರಿ ಇತ್ತು.

ಹಾಗಾದ್ರೆ ಬಿಟ್ಟು ಹೋಗೋಣ ಅಂದವರೆಲ್ಲ ದಡ್ಡರು ಅಂತಾನಾ ನಿಮ್ಮ ಮಾತು? – ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಖಂಡಿತಾ ಇಲ್ಲ ಸರ್. ನನಗೆ ಬೇಜಾರು ಎರಡೂ ಕಡೆಯವರ ಮೇಲೆ. ನಾವು ವೋಟ್ ಹಾಕದೇ ಇರೋರು ನಮಗೆ ಕಾನೂನು ಮಾಡಬಾರದು ಅನ್ನೋದು ಗಂಭೀರವಾದ ಮಾತು, ಅದಕ್ಕೆ ಗಂಭೀರ ಉತ್ತರನೇ ಬೇಕಿತ್ತು. ಬ್ರಿಟನ್ ಮಂತ್ರಿಗಳು ಇಯು ಕಾನೂನು ಮಾಡೋ ಟೇಬಲ್ಲಲ್ಲಿ ಕೂತು ವೋಟ್ ಹಾಕ್ತಿದ್ರು, ಬ್ರಿಟಿಷ್ ಸಂಸದರು ಯುರೋಪಿಯನ್ ಪಾರ್ಲಿಮೆಂಟಲ್ಲಿದ್ರು, ಎಷ್ಟೋ ರೂಲ್ ಬ್ರಿಟನ್ನೇ ಒತ್ತಾಯ ಮಾಡಿ ತರಿಸಿದ್ದು, ಒಂದೇ ಮಾರುಕಟ್ಟೆ ಅನ್ನೋ ಯೋಜನೆಗೇ ಆಗಿನ ಬ್ರಿಟನ್ ಪ್ರಧಾನಿ ಥ್ಯಾಚರ್ ಬೆಂಬಲ ಇತ್ತು. ಇದನ್ನ ಜನಕ್ಕೆ ಬಿಡಿಸಿ ಹೇಳೋದು ಬಿಟ್ಟು ಇರೋಣ ಅಂದವರು ಹೆದರಿಸ್ತಾ ಕೂತ್ರು, ಹೋಗೋಣ ಅಂದವರು ಬಾಳೆಹಣ್ಣು ತೋರಿಸ್ತಾ ಕೂತ್ರು. ಯಾವ ರೂಲ್ ಇರಬೇಕು ಅನ್ನೋದಲ್ಲ, ಅದನ್ನ ಬರೆಯೋ ಕೋಣೆಯಲ್ಲಿ ನಾವಿರಬೇಕಾ ಬೇಡವಾ ಅನ್ನೋದೇ ನಿಜವಾದ ಜಗಳ ಆಗಿತ್ತು, ಅದನ್ನ ಇಬ್ಬರೂ ಆಡ್ಲಿಲ್ಲ.

ಒಂದು ಉದಾಹರಣೆ ನಮ್ಮದೇ ಇದೆ. 2014ರ ಮೇ 1ರಿಂದ ಭಾರತದ ಮಾವಿನಹಣ್ಣು, ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನ ಇಯು ನಿಷೇಧಿಸ್ತು, ಹಣ್ಣಿನ ನೊಣ ಮತ್ತೆ ಬೇರೆ ಕೀಟ ಸಿಕ್ಕಿದ್ವು ಅಂತ. ಲೆಸ್ಟರ್, ಲಂಡನ್ನಿನ ನಮ್ಮ ಅಂಗಡಿಯವರು ಅಲ್ಫಾನ್ಸೊ ಸೀಸನ್ ಹಾಳಾಯ್ತು ಅಂತ ಗಲಾಟೆ ಮಾಡಿದ್ರು, ಬ್ರಸೆಲ್ಸ್ ದೌರ್ಜನ್ಯ ಅಂತ ಮಾತು ಬಂತು. ಆದ್ರೆ ಬ್ರಿಟನ್ನಿನದೇ ಕೃಷಿ ಇಲಾಖೆ ಆ ನಿಷೇಧಕ್ಕೆ ಸೈ ಅಂದಿತ್ತು, ಅಲ್ಲಿನ ಗ್ಲಾಸ್‌ಹೌಸ್ ಟೊಮ್ಯಾಟೊ ಸೌತೆಗೆ ಕೀಟ ಅಂಟಿದ್ರೆ ಅಂತ ಭಯ. ಇಲ್ಲಿ ಬಿಸಿನೀರಿನ ಟ್ರೀಟ್‌ಮೆಂಟ್, ತಪಾಸಣೆ ಬಿಗಿ ಮಾಡಿದ ಮೇಲೆ 2015ರಲ್ಲಿ ಮಾವಿಗೆ ಬಾಗಿಲು ತೆಗೀತು. ಒಳಗಿದ್ರೂ ಹೊರಗಿದ್ರೂ ಬ್ರಿಟನ್ ಸುಮಾರು ಇದನ್ನೇ ಮಾಡ್ತಿತ್ತು ಅನ್ನೋದು ನನ್ನ ಅಂದಾಜು.

ಬ್ರಿಟನ್ ಪಾಸ್‌ಪೋರ್ಟ್ ನೀಲಿ ಆಗಿದ್ದು ಬ್ರೆಕ್ಸಿಟ್‌ನಿಂದಾನಾ? – ಗೃಹಿಣಿ, ಹುಬ್ಬಳ್ಳಿ

ಆಗಿದ್ದು ಆಮೇಲೆ, ಆದ್ರೆ ಅದಕ್ಕೆ ಹೊರಗೆ ಬರೋ ಅಗತ್ಯ ಇರಲಿಲ್ಲ. ಕ್ರೊಯೇಷಿಯಾ ಇಯು ಒಳಗೇ ಇದ್ದುಕೊಂಡು ನೀಲಿ ಪಾಸ್‌ಪೋರ್ಟ್ ಇಟ್ಕೊಂಡಿದೆ. ಬ್ರಿಟನ್ನಿನ ಹೊಸ ನೀಲಿ ಪುಸ್ತಕ ಮಾಡೋ ಕಾಂಟ್ರಾಕ್ಟ್ ಸಿಕ್ಕಿದ್ದು ಫ್ರೆಂಚ್-ಡಚ್ ಕಂಪನಿ ಕೈಗೆ, ತಯಾರಾಗಿದ್ದು ಪೋಲೆಂಡಲ್ಲಿ. ನಗಬೇಡಿ.

ನಾವು ಸಕಲೇಶಪುರದ ಹತ್ರ ಸಣ್ಣ ಕಾಫಿ ಬೆಳೆಗಾರರು. ಯುರೋಪಿಗೆ ಕಾಫಿ ಹೋಗಬೇಕಾದ್ರೆ ತೋಟದ ಲೊಕೇಶನ್ ಕೊಡಬೇಕು ಅಂತ ಕಾಫಿ ಬೋರ್ಡಿನವರು ಆ್ಯಪಲ್ಲಿ ನೋಂದಣಿ ಮಾಡಿಸ್ತಿದಾರೆ. ಬ್ರಿಟನ್ ಹೇಗೂ ಹೊರಗೆ ಬಂದಿದೆಯಲ್ಲ, ಅಲ್ಲಿಗೇ ಮಾರಿದ್ರೆ ಈ ತಲೆನೋವು ತಪ್ಪುತ್ತಾ? – ಬೆಳೆಗಾರರು

ನೀವು ಹೇಳ್ತಿರೋದು ಇಯುನ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನದ ಉತ್ಪನ್ನ ಅಲ್ಲಿ ಮಾರೋ ಹಾಗಿಲ್ಲ ಅಂತ ಅದರ ಸಾರ. ತೋಟ 4 ಹೆಕ್ಟೇರಿಗಿಂತ ಜಾಸ್ತಿ ಇದ್ರೆ ಸುತ್ತಿನ ಗಡಿ ಗುರುತು ಬೇಕು, ಕಮ್ಮಿ ಇದ್ರೆ ಒಂದು ಪಾಯಿಂಟ್ ಸಾಕು. ಜಾರಿ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ.

ಕಾಗದದ ಮೇಲೆ ನೋಡಿದ್ರೆ ನಿಮ್ಮ ಲೆಕ್ಕ ಸರಿನೇ. ಬ್ರಿಟನ್ನಿನದು 2021ರ ಬೇರೆ ಕಾಯ್ದೆ, ಅದರಡಿ ಮೊದಲ ಪಟ್ಟಿ ಅಂತ 2023ರಲ್ಲಿ ಘೋಷಣೆ ಮಾಡಿದ್ರಲ್ಲಿ ಕಾಫಿನೇ ಇಲ್ಲ. ಆದ್ರೆ ನಿಮ್ಮ ಕಾಫಿ ನೇರ ಲಂಡನ್ನಿಗೆ ಹೋಗುತ್ತಾ? ನೀವು ಮಾರೋದು ಕ್ಯೂರಿಂಗ್ ವರ್ಕ್ಸಿಗೋ ವ್ಯಾಪಾರಿಗೋ, ಅಲ್ಲಿ ಹತ್ತಾರು ತೋಟದ ಮಾಲು ಒಟ್ಟಾಗುತ್ತೆ, ರಫ್ತುದಾರನಿಗೆ ದೊಡ್ಡ ಗಿರಾಕಿ ಇಟಲಿ, ಜರ್ಮನಿ ಕಡೆಯವರು, ಅವನು ಬ್ರಿಟನ್ನಿಗೊಂದು ರಾಶಿ ಇಟಲಿಗೊಂದು ರಾಶಿ ಅಂತ ಬೇರೆ ಮಾಡ್ತಾ ಕೂರೋಲ್ಲ, ಎಲ್ಲರಿಂದಲೂ ಲೊಕೇಶನ್ ಕೇಳ್ತಾನೆ. ಬ್ರಿಟನ್ನಿನಲ್ಲಿ ಕಾಫಿ ಹುರಿಯೋ ರೋಸ್ಟರ್ ಕೂಡ ತನ್ನ ಪ್ಯಾಕೆಟ್ ಡಬ್ಲಿನ್ನಿಗೋ ಪ್ಯಾರಿಸ್ಸಿಗೋ ಕಳಿಸ್ಬೇಕಾದ್ರೆ ಅದೇ ಕಾಗದ ಕೇಳ್ತಾನೆ. ಹಾಗಾಗಿ ನೋಂದಣಿ ಮಾಡಿಸಿಬಿಡಿ. ಪಹಣಿ, ಸರ್ವೆ ನಕ್ಷೆ, ನೆರಳಿನ ಮರ ಕಡಿದಿದ್ರೆ ಅರಣ್ಯ ಇಲಾಖೆ ಅನುಮತಿ ಪತ್ರ ಒಂದೇ ಫೈಲಲ್ಲಿ ಇಡಿ. ನೆರಳಲ್ಲಿ ಬೆಳೆಯೋ ನಮ್ಮ ಕಾಫಿಗೆ ಈ ನಿಯಮ ಬೇರೆ ದೇಶದವರಿಗಿಂತ ಅನುಕೂಲ ಆಗಬಹುದು ಕೂಡ, ತೋರಿಸೋಕೆ ದಾಖಲೆ ಇದ್ರೆ.

ಬ್ರಿಟನ್ ವೋಟ್ ಹಾಕಿ ಹೊರಗೆ ಬಂತಲ್ಲ, ಭಾರತದಲ್ಲಿ ಒಂದು ರಾಜ್ಯ ಹಾಗೆ ಮಾಡಬಹುದಾ? ಜಿಎಸ್‌ಟಿ ಪಾಲಿನ ಜಗಳ ಬಂದಾಗೆಲ್ಲ ಯಾರಾದ್ರೂ ಇದನ್ನ ಎತ್ತುತಾರೆ. – ಕಾನೂನು ವಿದ್ಯಾರ್ಥಿನಿ, ಬೆಂಗಳೂರು

ಆಗಲ್ಲ. ಇಯು ಅನ್ನೋದು ಸ್ವತಂತ್ರ ದೇಶಗಳ ಒಪ್ಪಂದ, ಅದರ 50ನೇ ವಿಧಿಯಲ್ಲೇ ಹೊರಗೆ ಹೋಗೋ ದಾರಿ ಬರೆದಿದೆ. ನಮ್ಮ ಸಂವಿಧಾನದಲ್ಲಿ ಅಂಥ ಬಾಗಿಲೇ ಇಲ್ಲ. ನಮ್ಮ ಒಕ್ಕೂಟ ರಾಜ್ಯಗಳ ಒಪ್ಪಂದದಿಂದ ಹುಟ್ಟಿದ್ದಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಬೇರೆ ಹೋಗೋ ಹಕ್ಕಿಲ್ಲ ಅಂತ ಅಂಬೇಡ್ಕರ್ 1948ರ ನವೆಂಬರಲ್ಲೇ ಸಂವಿಧಾನ ಸಭೆಯಲ್ಲಿ ಬಿಡಿಸಿ ಹೇಳಿದ್ರು. ತೆರಿಗೆ ಪಾಲಿನ ಜಗಳ ನ್ಯಾಯವಾದ ಜಗಳ, ಅದಕ್ಕೆ ಹಣಕಾಸು ಆಯೋಗ, ಜಿಎಸ್‌ಟಿ ಕೌನ್ಸಿಲ್, ಸುಪ್ರೀಂ ಕೋರ್ಟ್ ಇವೆ, ಬ್ರೆಕ್ಸಿಟ್ ಜೊತೆ ಹೋಲಿಸಿದ್ರೆ ಆ ವಾದವೇ ಹಗುರ ಆಗುತ್ತೆ.

ಬೆಲ್‌ಫಾಸ್ಟಲ್ಲಿದೀನಿ ಮೇಡಂ. ಇಲ್ಲಿ ಪನೀರ್, ಹಾಲಿನ ಪ್ಯಾಕೆಟ್ ಮೇಲೆ 'ನಾಟ್ ಫಾರ್ ಇಯು' ಅಂತ ಇರುತ್ತೆ. ಕಲಬೆರಕೆ ಮಾಲಾ? ತಿನ್ನಬಹುದಾ? ಅಮ್ಮ ಊರಿಂದ ತುಪ್ಪ ಕಳಿಸ್ತೀನಿ ಅಂತಿದಾರೆ. – ನರ್ಸ್, ಉತ್ತರ ಐರ್ಲೆಂಡ್

ಆರಾಮಾಗಿ ತಿನ್ನಿ, ಕ್ವಾಲಿಟಿಗೂ ಆ ಚೀಟಿಗೂ ಸಂಬಂಧ ಇಲ್ಲ. ನೀವಿರೋ ಜಾಗ ಬ್ರಿಟನ್ನಿನ ಭಾಗ, ಆದ್ರೆ ಪಕ್ಕದ ಐರ್ಲೆಂಡ್ ಇಯು ದೇಶ, ಮಧ್ಯದ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಹಾಕೋಕೆ ಯಾರಿಗೂ ಧೈರ್ಯ ಇಲ್ಲ, ಅಲ್ಲಿ ದಶಕಗಳ ಕಾಲ ರಕ್ತ ಹರಿದಿದೆ. ಅದಕ್ಕೆ ತಪಾಸಣೆನ ಸಮುದ್ರಕ್ಕೆ ತಳ್ಳಿದ್ರು, ಇಂಗ್ಲೆಂಡಿಂದ ನಿಮ್ಮೂರಿಗೆ ಬರೋ ಸಾಸೇಜಿಗೂ ಕಾಗದ ಪತ್ರ ಕೇಳೋ ಹಾಗಾಯ್ತು, ದೊಡ್ಡ ರಂಪ ಆಯ್ತು. 2023ರ ವಿಂಡ್ಸರ್ ಒಪ್ಪಂದದಲ್ಲಿ ಒಂದು ರಾಜಿ ಮಾಡ್ಕೊಂಡ್ರು, ಈ ಮಾಲು ಉತ್ತರ ಐರ್ಲೆಂಡಲ್ಲೇ ಖರ್ಚಾಗುತ್ತೆ, ಗಡಿ ದಾಟಲ್ಲ ಅಂತ ಚೀಟಿ ಅಂಟಿಸಿದ್ರೆ ತಪಾಸಣೆ ಕಮ್ಮಿ. ನಿಮ್ಮ ಪನೀರ್ ಮೇಲಿರೋದು ಅದೇ. ವಿಪರ್ಯಾಸ ಅಂದ್ರೆ ನೀವಿರೋ ಕಡೆ ಜನ 55.8 ಪರ್ಸೆಂಟ್ ಇಯುನಲ್ಲೇ ಇರೋಣ ಅಂತ ವೋಟ್ ಹಾಕಿದ್ರು. 2025ರ ಮೇನಲ್ಲಿ ಬ್ರಿಟನ್ ಮತ್ತೆ ಇಯು ಆಹಾರದ ನಿಯಮಗಳನ್ನ ಒಂದೇ ಥರ ಇಟ್ಕೊಳ್ಳೋಣ ಅಂತ ಮಾತುಕತೆಗೆ ಒಪ್ಪಿದಾರೆ, ಅದು ಜಾರಿಗೆ ಬಂದ್ರೆ ಈ ಚೀಟಿ ಗೋಳು ಕಮ್ಮಿ ಆಗಬಹುದು.

ತುಪ್ಪ ಮಾತ್ರ ಬೇಡ ಅನ್ನಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಪಾರ್ಸಲಲ್ಲಾಗ್ಲಿ ಬ್ಯಾಗಲ್ಲಾಗ್ಲಿ ತರೋ ಹಾಗಿಲ್ಲ, ಇದು ಬ್ರೆಕ್ಸಿಟ್‌ಗೆ ಮುಂಚೆನೂ ಇತ್ತು, ಈಗಲೂ ಇದೆ. ಸಿಕ್ಕಿದ್ರೆ ಕಸಕ್ಕೆ ಹೋಗುತ್ತೆ. ಸಾರಿನ ಪುಡಿ, ಚಟ್ನಿಪುಡಿ ಕಳಿಸಲಿ, ಮೇಲೆ ಏನೇನಿದೆ ಅಂತ ಇಂಗ್ಲಿಷಲ್ಲಿ ಬರೆದು ಅಂಟಿಸೋಕೆ ಹೇಳಿ.